ಮನೋರೋಗ ಚಿಕಿತ್ಸಾಲಯದಲ್ಲಿ ಬೌದ್ಧಿಕ ನ್ಯೂನತೆಯವರ ಶುಶ್ರೂಷೆ: ಒಂದು ಐತಿಹಾಸಿಕ ವಿವೇಚನೆ

ಬೌದ್ಧಿಕ ನ್ಯೂನತೆಯೂ ಮನೋರೋಗವೂ ಒಂದೇ ಅಲ್ಲ. ಮೊದಲನೆಯದು ಬೆಳವಣಿಗೆಯ ವಯಸ್ಸಿನಲ್ಲಿಯೇ ತೋರಿ ಜೀವನಪರ್ಯಂತ ಉಳಿಯುವ ಸ್ಥಿತಿ. ಕಲಿಕೆ, ವಿವೇಚನೆ ಹಾಗೂ ದಿನನಿತ್ಯದ ವ್ಯವಹಾರಗಳಲ್ಲಿ ಅದರ ಪರಿಣಾಮ ಕಂಡುಬರುತ್ತದೆ. ಮನೋರೋಗವಾದರೋ ಯಾವ ವಯಸ್ಸಿನಲ್ಲಿಯೂ ಯಾರಿಗಾದರೂ ಬರಬಹುದು. ಚಿಕಿತ್ಸೆಯಿಂದ ಬಹುಮಟ್ಟಿಗೆ ಹತೋಟಿಗೂ ಬರಬಹುದು. ಇವೆರಡೂ ಒಬ್ಬನಲ್ಲಿಯೇ ಕೂಡಿದಾಗ ಆತನ ಶುಶ್ರೂಷೆ ಹೇಗಿರಬೇಕು? ಪ್ರಶ್ನೆಯು ವೈದ್ಯಶಾಸ್ತ್ರದ್ದೆಂದು ತೋರಿದರೂ ಅದರ ಬೇರುಗಳು ಇತಿಹಾಸದಲ್ಲಿವೆ.

1912ನೆಯ ಇಸವಿಯ ಭಾರತೀಯ ಹುಚ್ಚರ ಕಾಯಿದೆಯು ಹುಟ್ಟು ಮಂದಮತಿಯನ್ನೂ ಚಿತ್ತಸ್ವಾಸ್ಥ್ಯ ತಪ್ಪಿದವನನ್ನೂ ಒಂದೇ ಹೆಸರಿನಡಿಯಲ್ಲಿ ತಂದಿತು. ಆದುದರಿಂದ ಇಬ್ಬರಿಗೂ ಒಂದೇ ಆಸ್ಪತ್ರೆಯ ಬಾಗಿಲು ತೆರೆಯಿತು. ದಕ್ಷಿಣ ಕನ್ನಡ ಜಿಲ್ಲೆಯು 1956ರವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿದ್ದಿತು. ಮಂಗಳೂರಿನಲ್ಲಿ 1848ರಿಂದ ವೆನ್ಲಾಕ್ ಆಸ್ಪತ್ರೆಯೂ 1880ರಿಂದ ಕಂಕನಾಡಿಯಲ್ಲಿ ಫಾದರ್ ಮುಲ್ಲರರ ಚಿಕಿತ್ಸಾಲಯವೂ ಇದ್ದವು. ಆದರೆ ಆ ಆಡಳಿತದಲ್ಲಿ ಈ ಜಿಲ್ಲೆಗೆ ಸಮೀಪವಾದ ಮಾನಸಿಕ ಆಸ್ಪತ್ರೆಯೆಂದರೆ 1872ರಲ್ಲಿ ಕಲ್ಲಿಕೋಟೆಯ ಕುತಿರವಟ್ಟಂನಲ್ಲಿ ಸ್ಥಾಪಿತವಾದುದು. ತುಳುವಲ್ಲದೆ ಬೇರೆ ಮಾತರಿಯದ ರೋಗಿಗೆ ಅಲ್ಲಿಯ ಮಲೆಯಾಳವು ಪರಭಾಷೆಯಾಗಿತ್ತೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಯಿತು. ಮನೋರೋಗ ಶುಶ್ರೂಷೆಯನ್ನು ಪ್ರತ್ಯೇಕ ವಿದ್ಯೆಯಾಗಿ ಕಲಿಸುವ ವ್ಯವಸ್ಥೆ ಅಲ್ಲಿ ರೂಪುಗೊಂಡಿತು. 1974ರಲ್ಲಿ ಅವೆರಡೂ ಕೂಡಿ ನಿಮ್ಹಾನ್ಸ್ ಸಂಸ್ಥೆಯಾದವು. ಮುಂದೆ 1987ರ ಮಾನಸಿಕ ಆರೋಗ್ಯ ಕಾಯಿದೆಯು ಬುದ್ಧಿಮಾಂದ್ಯವನ್ನು ಮನೋರೋಗದಿಂದ ಬೇರ್ಪಡಿಸಿತು. 2017ರ ಕಾಯಿದೆಯೂ ಇದೇ ಮಾರ್ಗವನ್ನು ಹಿಡಿದಿದೆ. ಈ ವಿಂಗಡಣೆ ನ್ಯಾಯವಾದುದೇ. ಆದರೆ ಇದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವ ಅಪಾಯವುಂಟು. ಕಾಯಿದೆಯು ಹೊರಗಿಟ್ಟುದು ಸ್ಥಿತಿಯನ್ನೇ ಹೊರತು ವ್ಯಕ್ತಿಯನ್ನಲ್ಲ. ಬೌದ್ಧಿಕ ನ್ಯೂನತೆಯುಳ್ಳವನಿಗೆ ಖಿನ್ನತೆಯೋ ಚಿತ್ತಭ್ರಮೆಯೋ ಬಂದಲ್ಲಿ ಇತರರಿಗಿರುವಷ್ಟೇ ಚಿಕಿತ್ಸೆಯ ಹಕ್ಕು ಆತನಿಗೂ ಇದೆ. ಅಲ್ಲದೆ ಇಂಥವರಲ್ಲಿ ಮನೋರೋಗವು ಇತರರಿಗಿಂತ ಹೆಚ್ಚಾಗಿಯೇ ಕಂಡುಬರುತ್ತದೆ.

ಹೀಗಿದ್ದರೂ ರೋಗವು ಹಲವು ವೇಳೆ ಗುರುತಿಗೆ ಸಿಗದೆ ಹೋಗುತ್ತದೆ. ಕಂಡ ಲಕ್ಷಣವನ್ನೆಲ್ಲ 'ಬುದ್ಧಿ ಕಡಿಮೆ' ಎಂಬ ಒಂದೇ ಮಾತಿನಿಂದ ವಿವರಿಸಿಬಿಡುವ ಈ ದೋಷವನ್ನು ಅಮೆರಿಕದ ಸ್ಟೀವನ್ ರೀಸ್ ಮತ್ತು ಸಂಗಡಿಗರು 1982ರಲ್ಲಿ ಪರೀಕ್ಷಿಸಿ ತೋರಿಸಿದರು. ರೋಗಿಯು ತಲೆಯನ್ನು ಗೋಡೆಗೆ ಚಚ್ಚಿಕೊಂಡರೆ ಅದು ಹಲ್ಲುನೋವಿರಬಹುದು, ಕಿವಿಯ ಸೋಂಕಿರಬಹುದು. ಊಟ ಬಿಟ್ಟರೆ ಮಲಬದ್ಧತೆಯಿರಬಹುದು. ಹೇಳಲಾರದ ನೋವು ನಡತೆಯಾಗಿ ಹೊರಬರುತ್ತದೆ. ಆದುದರಿಂದ ದಾದಿಯ ಪ್ರಥಮ ಕರ್ತವ್ಯವು ಆತನ ವಾಡಿಕೆಯ ನಡತೆಯೇನೆಂಬುದನ್ನು ಮನೆಯವರಿಂದ ಕೇಳಿ ಬರೆದಿಡುವುದು. ವಾಡಿಕೆಯಿಂದ ಆದ ವ್ಯತ್ಯಾಸವೇ ಲಕ್ಷಣ. ಔಷಧದಿಂದ ಉಂಟಾಗುವ ತೂಕಡಿಕೆ, ನಡುಕ, ಮಲಬದ್ಧತೆಗಳನ್ನು ರೋಗಿಯು ತಾನಾಗಿ ಹೇಳಲಾರನಾದ್ದರಿಂದ ದಾದಿಯೇ ನೋಡಿ ತಿಳಿಯಬೇಕು. ಒಂದು ಸಲಕ್ಕೆ ಒಂದೇ ಮಾತು, ಚಿಕ್ಕ ವಾಕ್ಯ, ಚಿತ್ರ ಅಥವಾ ಸನ್ನೆ, ಗೊತ್ತಾದ ವೇಳೆ, ಸಾಧ್ಯವಾದಷ್ಟು ಅದೇ ಪರಿಚಿತ ಮುಖ—ಇವು ಸಹಕಾರಿ. ಇಂಥ ರೋಗಿಗಳಲ್ಲಿ ಅನೇಕರು ಕೇಳಿದುದಕ್ಕೆಲ್ಲ 'ಹೌದು' ಎನ್ನುವುದುಂಟು. ಅದನ್ನು ಸಮ್ಮತಿಯೆಂದು ತಿಳಿಯದೆ ಬೇರೊಂದು ರೀತಿಯಲ್ಲಿ ಮತ್ತೆ ಕೇಳಬೇಕು. ಸ್ನಾನ, ಊಟಗಳಲ್ಲಿ ಆತನು ತಾನೇ ಮಾಡಬಲ್ಲುದನ್ನು ಆತನಿಗೇ ಬಿಡಬೇಕು.

ಮಂಗಳೂರಿನಲ್ಲಿ ಭಾಷೆಯ ಪ್ರಶ್ನೆ ಇಂದಿಗೂ ಮುಗಿದಿಲ್ಲ. ರೋಗಿಯ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಕನ್ನಡ. ನಗರದ ಶುಶ್ರೂಷಾ ಕಾಲೇಜುಗಳಲ್ಲಿ ಕಲಿಯುವವರಲ್ಲಿ ಬಹುಮಂದಿ ಕೇರಳದವರು. ಪಾಠದ ಭಾಷೆ ಇಂಗ್ಲಿಷು. ಇತರ ರೋಗಿಗಳು ಎರಡನೆಯ ಭಾಷೆಯಲ್ಲಿ ಹೇಗೋ ಹೇಳಿಕೊಂಡಾರು; ಒಂದು ಭಾಷೆಯನ್ನೇ ಕಷ್ಟದಿಂದ ಕಲಿತವನಿಗೆ ಅದು ಅಸಾಧ್ಯ. 'ಓಲು ಬೇನೆ ಆಪುಂಡು?' ಎಂದು ತುಳುವಿನಲ್ಲಿ ಕೇಳಿದರೆ, ನೋಯುವ ಜಾಗವನ್ನು ಆತನು ಬೆರಳಿನಿಂದಲಾದರೂ ತೋರಿಸಿಯಾನು. ಇಂತಹ ಹತ್ತು ವಾಕ್ಯಗಳನ್ನು ಪ್ರತಿ ವಿದ್ಯಾರ್ಥಿಗೂ ಕಲಿಸುವುದು ದುಸ್ಸಾಧ್ಯವಲ್ಲ.

1912ರ ಕಾಯಿದೆಯು ಎರಡು ಸ್ಥಿತಿಗಳನ್ನು ಒಂದೆಂದು ಭಾವಿಸಿತು. ಅವು ಎರಡೆಂದು ನಾವು ಅರಿತಿದ್ದೇವೆ. ಅವೆರಡೂ ಒಬ್ಬನಲ್ಲಿಯೇ ಇರಬಹುದೆಂಬುದನ್ನು ಮರೆಯದಿರುವುದು ಈಗ ಉಳಿದಿರುವ ಕರ್ತವ್ಯ.