ಎದೆಯ ನೋವು ಮತ್ತು ವಿದ್ಯುತ್ತಿನ ಬರಹ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಲ್ಲಿ ಹನಿ ನೀರಾವರಿಯ ಕೊಳವೆಗಳನ್ನು ಕಾಣದವರು ವಿರಳ. ಮುಖ್ಯ ಕೊಳವೆಯಿಂದ ಕವಲೊಡೆದ ಸಣ್ಣ ಕೊಳವೆಗಳು ಮರಮರದ ಬುಡಕ್ಕೂ ನೀರು ಮುಟ್ಟಿಸುತ್ತವೆ. ಒಂದು ಕವಲಿನಲ್ಲಿ ಕಸ ಕಟ್ಟಿಕೊಂಡಿತೆಂದರೆ, ಬಾವಿಯಲ್ಲಿ ನೀರು ಎಷ್ಟಿದ್ದರೇನು, ಆ ಮರಕ್ಕೆ ಬಾಯಾರಿಕೆ ತಪ್ಪದು. ನಮ್ಮ ಹೃದಯದ ಸ್ಥಿತಿಯೂ ಇಂಥದೇ. ತನ್ನೊಳಗೆ ಸದಾ ರಕ್ತ ತುಂಬಿಕೊಂಡಿದ್ದರೂ ಅದರ ಸ್ನಾಯು ಬದುಕುವುದು ಹೊರಮೈಯಲ್ಲಿ ಹಬ್ಬಿರುವ ಕಿರೀಟ ಧಮನಿಗಳು ತಂದುಕೊಡುವ ರಕ್ತದಿಂದ. ಇವನ್ನೇ ಕಾರೊನರಿ ಧಮನಿಗಳೆನ್ನುವರು. ಒಂದು ಭೇದವುಂಟು: ಮರ ಕೆಲವು ದಿನ ಕಾದೀತು, ರಕ್ತ ಪೂರ್ತಿ ನಿಂತ ಹೃದಯದ ಸ್ನಾಯು ಅರ್ಧ ಗಂಟೆಯೊಳಗಾಗಿ ಸಾಯತೊಡಗುತ್ತದೆ.

ಧೂಮಪಾನ, ಸಿಹಿಮೂತ್ರ ರೋಗ, ಏರಿದ ರಕ್ತದೊತ್ತಡ ಮೊದಲಾದ ಕಾರಣಗಳಿಂದ ಧಮನಿಯ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬಿನ ಪದರ ಬೆಳೆಯುತ್ತದೆ. ಒಂದು ದಿನ ಅದು ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿಯನ್ನು ಅಡ್ಡಗಟ್ಟುತ್ತದೆ. ಆಗ ಎದೆಯ ನಡುವೆ ಕಲ್ಲಿಟ್ಟಂಥ ಭಾರ, ತೋಳಿಗೂ ದವಡೆಗೂ ಹರಿಯುವ ನೋವು, ತಣ್ಣನೆಯ ಬೆವರು, ವಾಕರಿಕೆ ಕಾಣಿಸಿಕೊಳ್ಳುವುವು. ವೃದ್ಧರಲ್ಲಿ, ಸ್ತ್ರೀಯರಲ್ಲಿ, ಸಿಹಿಮೂತ್ರ ರೋಗಿಗಳಲ್ಲಿ ಬರಿಯ ಆಯಾಸವೋ ಏದುಸಿರೋ ಇರಬಹುದು. "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು ಮಲಗುವವರು ಇಂಥವರೇ. ಹೊಟ್ಟೆಯ ಉರಿಯೋ ಹೃದಯದ ಸಂಕಟವೋ ಎಂಬುದನ್ನು ನೋವಿನ ರೀತಿಯೊಂದರಿಂದಲೇ ಹೇಳಲಾಗದು. ಇಲ್ಲಿ ಭೌತವಿಜ್ಞಾನವು ವೈದ್ಯನ ನೆರವಿಗೆ ಬರುತ್ತದೆ.

ಹೃದಯದ ಪ್ರತಿಯೊಂದು ಬಡಿತಕ್ಕೂ ಮುನ್ನ ಅದರ ಸ್ನಾಯುವಿನಲ್ಲಿ ಒಂದು ವಿದ್ಯುತ್ತರಂಗ ಸಾಗುತ್ತದೆ. ಚರ್ಮದ ಮೇಲೆ ಅದರ ಪ್ರಮಾಣ ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ಇದನ್ನು ಸ್ಫುಟವಾಗಿ ದಾಖಲಿಸುವ ತಂತಿ ಗ್ಯಾಲ್ವನೋಮೀಟರನ್ನು ಹಾಲೆಂಡಿನ ವಿಲ್ಲೆಮ್ ಐಂಥೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿರ್ಮಿಸಿದನು. 1924ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಸಂದಿತು. ಆ ಯಂತ್ರ ಬಹು ಭಾರವಾದುದು. ರೋಗಿಗಳಿದ್ದುದು ಒಂದೂವರೆ ಕಿಲೋಮೀಟರ್ ಆಚೆಯ ಆಸ್ಪತ್ರೆಯಲ್ಲಿ. 1905ರಲ್ಲಿ ಆತನು ಟೆಲಿಫೋನ್ ತಂತಿಯ ಮೂಲಕ ಅವರ ಹೃದಯದ ವಿದ್ಯುತ್ತನ್ನೇ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡನು! ಬರಹದ ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವನೂ ಆತನೇ.

ಇಂದಿನ ಇ.ಸಿ.ಜಿ. ಯಂತ್ರವು ಹತ್ತು ವಿದ್ಯುದ್ವಾರಗಳಿಂದ ಹೃದಯವನ್ನು ಹನ್ನೆರಡು ದಿಕ್ಕುಗಳಿಂದ ನೋಡುತ್ತದೆ. ಧಮನಿ ಪೂರ್ತಿ ಮುಚ್ಚಿದಾಗ ಎಸ್ ಮತ್ತು ಟಿ ಅಲೆಗಳ ನಡುವಣ ಗೆರೆ ಸಾಮಾನ್ಯವಾಗಿ ಮೇಲಕ್ಕೇಳುತ್ತದೆ. ಅಡ್ಡಿ ಭಾಗಶಃ ಇದ್ದಲ್ಲಿ ಗೆರೆ ಏಳದಿರಬಹುದು. ಮೊದಲ ಬರಹ ಸರಿಯಾಗಿಯೇ ತೋರಲೂಬಹುದು. ಆದ್ದರಿಂದ ವೈದ್ಯರು ಅದನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ಗಾಯಗೊಂಡ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನನ್ನೂ ಅಳೆಯುತ್ತಾರೆ.

ಗೆರೆ ಮೇಲೆದ್ದಿದ್ದರೆ ಧಮನಿಯನ್ನು ತಡವಿಲ್ಲದೆ ತೆರೆಯಬೇಕು. ಸಣ್ಣ ಕೊಳವೆ ತೂರಿಸಿ ಬಲೂನು, ಸ್ಟೆಂಟುಗಳಿಂದ ತೆರೆಯುವ ಆಂಜಿಯೋಪ್ಲಾಸ್ಟಿಯೇ ಉತ್ತಮ. ಆದರೆ ಅದು ರೋಗ ಪತ್ತೆಯಾದ ಎರಡು ಗಂಟೆಯೊಳಗೆ ದೊರೆಯಬೇಕು. ತಿಪಟೂರಿನಿಂದ ತುಮಕೂರು ಸುಮಾರು 75 ಕಿಲೋಮೀಟರ್, ಬೆಂಗಳೂರು ಸುಮಾರು 140. ಅಷ್ಟರಲ್ಲಿ ಮುಟ್ಟಲಾಗದಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಕ್ರಮ. ಗೆರೆ ಏಳದವರಿಗೆ ಈ ಮದ್ದು ಸಲ್ಲದು. ಮೆದುಳಿನಲ್ಲಿ ಹಿಂದೆ ರಕ್ತಸ್ರಾವವಾದವರಿಗೂ ಸಲ್ಲದು. ಹಾಗಾಗಿ ಬರಹವನ್ನು ಸರಿಯಾಗಿ ಓದುವುದು ಜೀವನ್ಮರಣದ ಪ್ರಶ್ನೆ.

2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ನಡೆಸುವ ಹೃದಯಜ್ಯೋತಿ ಯೋಜನೆಯ ತತ್ತ್ವ ಇದೇ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಕೂಡಲೇ ಪರಿಶೀಲಿಸುತ್ತಾರೆ. ಅವಶ್ಯವಿದ್ದರೆ ಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳು ಇದಕ್ಕೆ ಬೆನ್ನೆಲುಬು. ಐಂಥೋವನನ ಒಂದೂವರೆ ಕಿಲೋಮೀಟರ್ ತಂತಿ ಇಂದು ನಾಡನ್ನೆಲ್ಲ ವ್ಯಾಪಿಸಿದೆ.

ಆದರೂ ಒಂದು ದಾರಿ ಉಳಿದಿದೆ. ಹೃದಯದ ಬರಹ ಕ್ಷಣಮಾತ್ರದಲ್ಲಿ ಬೆಂಗಳೂರನ್ನು ಮುಟ್ಟಬಲ್ಲದು. ತೋಟದ ಮನೆಯಿಂದ ಆಸ್ಪತ್ರೆಯವರೆಗಿನ ಹಾದಿಯನ್ನು ಮಾತ್ರ ರೋಗಿಯೇ ಸವೆಸಬೇಕು. ಮನೆಯ ಹಿರಿಯರು ಎದೆಯ ಮೇಲೆ ಕೈಯಿಟ್ಟು ಬೆವರಿದಾಗ, "ಬೆಳಗಾಗಲಿ, ನೋಡೋಣ" ಎನ್ನುವವರ ನಡುವೆ 108ಕ್ಕೆ ಕರೆಮಾಡುವವನು ವಿದ್ಯಾರ್ಥಿಯಾದ ನೀನೇ ಆಗಬೇಕು.