ಹೊಗೆಯನ್ನು ಹೂಳುವ ವಿದ್ಯೆ

ಕಲಾ ವಿಭಾಗದಲ್ಲಿ ಅರ್ಥಶಾಸ್ತ್ರ ಓದುವ ನಾನು ರಸಾಯನಶಾಸ್ತ್ರದ ವಿಷಯವನ್ನೆತ್ತಿಕೊಂಡದ್ದಕ್ಕೆ ವಾಚಕರು ಕ್ಷಮಿಸಬೇಕು. ತಪ್ಪೆಲ್ಲ ನಮ್ಮ ಮನೆಯ ಗೋಡೆಯದು. ಧಾರೇಶ್ವರದ ನಮ್ಮ ಮನೆಗೆ ದೀಪಾವಳಿಯ ಮುಂಚೆ ಸುಣ್ಣ ಬಳಿಯುವುದು ರೂಢಿ. ಕಳೆದ ರಜೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಜಗಲಿಯ ಮೇಲೆ ಕುಳಿತಿದ್ದ ಅಜ್ಜನಿಗೆ, ಕಾರ್ಖಾನೆಗಳ ಹೊಗೆಯನ್ನು ಹಿಡಿದು ನೆಲದೊಳಗೆ ಹೂಳುವ ವಿದ್ಯೆಯೊಂದು ಬಂದಿದೆಯೆಂದು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ಅಜ್ಜ ನಕ್ಕರು. "ಹೊರಟುಹೋದ ಹೊಗೆಯನ್ನು ಮತ್ತೆ ಹಿಡಿಯುವುದು ಹೇಗೋ ತಮ್ಮಾ? ಗಾಳಿಯನ್ನು ಮೂಟೆ ಕಟ್ಟಿದ ಹಾಗಾಯಿತು!"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಪುಸ್ತಕ ತೆಗೆದು ನೋಡಿದಾಗ ತಿಳಿದದ್ದೇನೆಂದರೆ, ನನ್ನ ಕೈಯಲ್ಲಿದ್ದ ಕುಂಚವೇ ಆ ಕೆಲಸ ಮಾಡುತ್ತಿತ್ತು!

ನಮ್ಮ ಕಡೆ ಹಿಂದೆ ಅಘನಾಶಿನಿಯ ಕೋಡಿಯಲ್ಲಿ ಸಿಕ್ಕುವ ಬಳಚಿನ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪೆಂದರೆ ಸುಣ್ಣವೂ ಇಂಗಾಲಾಮ್ಲವಾಯುವೂ (ಈಗಿನ ಪಠ್ಯಪುಸ್ತಕಗಳ ಇಂಗಾಲದ ಡೈಆಕ್ಸೈಡ್) ಸೇರಿ ಗಟ್ಟಿಯಾದ ವಸ್ತು. 100 ಕಿಲೋ ಶುದ್ಧ ಚಿಪ್ಪನ್ನು ಸುಟ್ಟರೆ 44 ಕಿಲೋ ವಾಯು ಆಕಾಶಕ್ಕೆ ಹೋಗಿ, 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದು ಗೋಡೆಗೆ ಬಳಿದಾಗ, ಅದು ಗಾಳಿಯಿಂದ ಅದೇ ವಾಯುವನ್ನು ಮೆಲ್ಲನೆ ಹೀರಿ ಮತ್ತೆ ಚಿಪ್ಪಿನಂಥ ಕಲ್ಲಾಗುತ್ತದೆ. ಹಸಿ ಸುಣ್ಣ ಕೈಗೆ ಹತ್ತುವುದು, ಹಳೆಯ ಸುಣ್ಣ ಹತ್ತದಿರುವುದು ಇದರಿಂದಲೇ. ಗೋಡೆಯು ಗಾಳಿಯನ್ನು ಮೂಟೆ ಕಟ್ಟಿತು ಎಂದರೆ ಉತ್ಪ್ರೇಕ್ಷೆಯೇನಲ್ಲ.

ಇದನ್ನು ವಿವರಿಸಿದಾಗ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಸರಿ. ಭಟ್ಟಿಗೆ ಹಾಕಿದ ಸೌದೆಯ ಹೊಗೆಯನ್ನು ಯಾವ ಗೋಡೆ ಕುಡಿಯಿತು?"

ಯಾವ ಗೋಡೆಯೂ ಕುಡಿಯಲಿಲ್ಲ. ಈ ಒಂದು ಪ್ರಶ್ನೆಯೇ ಇಡೀ ವಿಷಯದ ಮರ್ಮವೆಂದು ನನಗೆ ತೋರುತ್ತದೆ.

1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯನ್ನು ಅಳೆಯಲಾರಂಭಿಸಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಂಗಾಲಾಮ್ಲವಾಯು ಸುಮಾರು 315 ಭಾಗವಿತ್ತು. ಈಗ 420ನ್ನು ದಾಟಿದೆ. ಈ ವಾಯು ಭೂಮಿಯ ಕಾವನ್ನು ಕಂಬಳಿಯಂತೆ ತಡೆದಿಡುತ್ತದೆಂಬುದು ಹತ್ತೊಂಬತ್ತನೆಯ ಶತಮಾನದಿಂದಲೇ ತಿಳಿದ ಸಂಗತಿ. ಗಾಳಿಯಲ್ಲಿ ಇಷ್ಟು ವಿರಳವಾಗಿ ಬೆರೆತದ್ದನ್ನು ಆರಿಸುವುದು ಮಹಾ ಕಷ್ಟ. ಆದರೆ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ಚಿಮಣಿಯಲ್ಲಿ ಅದು ನೂರಕ್ಕೆ 12-14 ಪಾಲು ಇರುತ್ತದೆ. ಆದ್ದರಿಂದ ಅಲ್ಲಿಯೇ ಹಿಡಿಯುವುದು ಜಾಣತನ. ಹೊಗೆಯನ್ನು ತಣಿಸಿ ಅಮೀನ್ ಎಂಬ ಜಾತಿಯ ದ್ರವದೊಳಗೆ ಹಾಯಿಸುತ್ತಾರೆ. ದ್ರವವು ಇಂಗಾಲಾಮ್ಲವನ್ನಷ್ಟೇ ಹಿಡಿದುಕೊಂಡು ಉಳಿದುದನ್ನು ಬಿಟ್ಟುಕೊಡುತ್ತದೆ. ಬಳಿಕ ದ್ರವವನ್ನು ಸುಮಾರು 120 ಡಿಗ್ರಿಗೆ ಕಾಯಿಸಿದರೆ ಶುದ್ಧ ವಾಯು ಹೊರಬರುತ್ತದೆ, ದ್ರವ ಮತ್ತೆ ಕೆಲಸಕ್ಕೆ ಒದಗುತ್ತದೆ. ಕಾಯಿಸಲು, ಒತ್ತಲು ಬೇಕಾದ ಶಕ್ತಿಯೋ, ಸ್ಥಾವರವು ಉತ್ಪಾದಿಸಿದ್ದರಲ್ಲಿ ಸುಮಾರು ಐದರಲ್ಲೊಂದು ಪಾಲು. ಅಜ್ಜನ ಸೌದೆಯ ಲೆಕ್ಕ ಇಲ್ಲಿಯೂ ಬಂತು ನೋಡಿ.

ಹಿಡಿದದ್ದನ್ನು ಇಡುವುದೆಲ್ಲಿ? 800 ಮೀಟರಿಗಿಂತ ಆಳಕ್ಕೆ ಒತ್ತಿದರೆ ಭೂಮಿಯ ಭಾರಕ್ಕೆ ವಾಯು ಹೆಚ್ಚುಕಡಿಮೆ ದ್ರವದಷ್ಟು ದಟ್ಟವಾಗಿ, ಸಣ್ಣ ಜಾಗದಲ್ಲಿ ಹಿಡಿಸುತ್ತದೆ. ಅದಕ್ಕೆ ಸ್ಪಂಜಿನಂತೆ ರಂಧ್ರಗಳುಳ್ಳ ಮರಳುಗಲ್ಲು ಬೇಕು, ಅದರ ಮೇಲೆ ಸೋರದ ಮುಚ್ಚಳದಂಥ ಶಿಲೆಯೂ ಬೇಕು. ನಾರ್ವೆಯವರು ಉತ್ತರ ಸಮುದ್ರದ ಸ್ಲೈಪ್ನರ್ ಎಂಬಲ್ಲಿ 1996ರಿಂದ ಹೀಗೆ ಹೂಳುತ್ತ ಬಂದಿದ್ದಾರೆ. ನಮ್ಮ ತಾಲೂಕಿನಲ್ಲಿ ಈ ಅನುಕೂಲವಿಲ್ಲ. ಮೇಲೆ ಚೀರೆಕಲ್ಲು, ಕೆಳಗೆ ರಂಧ್ರವಿಲ್ಲದ ಕಗ್ಗಲ್ಲು. ಬಾವಿ ತೋಡಿದವರಿಗೆಲ್ಲ ಗೊತ್ತು.

ಇನ್ನೊಂದು ವಿಧಾನವುಂಟು, ಅದು ನನಗೆ ಹೆಚ್ಚು ಮೆಚ್ಚಿಗೆಯಾದದ್ದು: ವಾಯುವನ್ನು ಕಲ್ಲೇ ಮಾಡಿಬಿಡುವುದು. ಯಾಣಕ್ಕೆ ಹೋದವರು ಭೈರವೇಶ್ವರ ಶಿಖರದ ಬುಡದಲ್ಲಿ ಕತ್ತೆತ್ತಿ ನಿಂತಿರಬಹುದು. ಸುಮಾರು 120 ಮೀಟರು ಎತ್ತರದ ಆ ಸುಣ್ಣಕಲ್ಲಿನಲ್ಲಿ, ಎಂದೋ ಗಾಳಿಯಲ್ಲಿದ್ದ ಇಂಗಾಲಾಮ್ಲ ನೀರಿನಲ್ಲಿ ಕರಗಿ ಸುಣ್ಣದೊಡನೆ ಬೆರೆತು ಸೆರೆಯಾಗಿದೆ. ನಿಸರ್ಗವು ಯುಗಯುಗ ಹಿಡಿದು ಮಾಡುವ ಇದನ್ನು ಐಸ್ಲೆಂಡಿನವರು ಎರಡು ವರ್ಷದೊಳಗೆ ಮಾಡಿ ತೋರಿಸಿದರು. 2012ರಲ್ಲಿ ಅವರು ಇಂಗಾಲಾಮ್ಲವನ್ನು ಸೋಡಾದಂತೆ ನೀರಿನಲ್ಲಿ ಕರಗಿಸಿ ಅಗ್ನಿಪರ್ವತದ ಕಪ್ಪು ಬಸಾಲ್ಟ್ ಶಿಲೆಯೊಳಗೆ ಇಳಿಸಿದರು. ಬಸಾಲ್ಟಿನಲ್ಲಿರುವ ಸುಣ್ಣ, ಮೆಗ್ನೀಸಿಯಂ, ಕಬ್ಬಿಣದ ಅಂಶಗಳು ಅದರೊಡನೆ ಕೂಡಿ ಕಲ್ಲಾದವು. ಇಳಿಸಿದ್ದರಲ್ಲಿ ನೂರಕ್ಕೆ 95 ಪಾಲಿಗೂ ಮಿಕ್ಕಿ ಹೀಗೆ ಕಲ್ಲಾಯಿತೆಂದು 2016ರಲ್ಲಿ ಪ್ರಕಟವಾಯಿತು. ಕಲ್ಲಾದದ್ದು ಸೋರುವ ಭಯವಿಲ್ಲ. ಭಯವೆಂದೆ, ಅದು ಪೊಳ್ಳಲ್ಲ. 1986ರಲ್ಲಿ ಆಫ್ರಿಕದ ಕ್ಯಾಮರೂನಿನ ನಿಯೋಸ್ ಸರೋವರದ ತಳದಲ್ಲಿ ತಾನಾಗಿ ಕೂಡಿದ್ದ ಇಂಗಾಲಾಮ್ಲ ಒಮ್ಮೆಲೇ ಉಕ್ಕಿ, ಗಾಳಿಗಿಂತ ಭಾರವಾದ್ದರಿಂದ ಕಣಿವೆಗೆ ಹರಿದು, ಸುಮಾರು 1,700 ಜನ ಉಸಿರುಕಟ್ಟಿ ಸತ್ತರು.

ಈಗ ತದಡಿಯ ವಿಷಯಕ್ಕೆ ಬರುತ್ತೇನೆ. ಈ ಶತಮಾನದ ಮೊದಲ ದಶಕದಲ್ಲಿ ಅಘನಾಶಿನಿಯ ಮುಖದ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವೊಂದನ್ನು ಕಟ್ಟುವ ಪ್ರಸ್ತಾಪವಿತ್ತು. ಮೀನುಗಾರರು, ಬಳಚು ಹೆಕ್ಕುವವರು, ಗಜನಿಯ ರೈತರು ವಿರೋಧಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಂದು ಈ ಅಳಿವೆಯ ಜೀವಸಂಪತ್ತನ್ನು ಅಧ್ಯಯನ ಮಾಡಿದರು. ಕೊನೆಗೆ ಯೋಜನೆ ಕೈಬಿಟ್ಟುಹೋಯಿತು. "ಹೊಗೆ ಹೂಳುವ ವಿದ್ಯೆ ಆಗಲೇ ಇದ್ದಿದ್ದರೆ ಸ್ಥಾವರ ಬರಬಹುದಿತ್ತಲ್ಲ" ಎಂದು ನಮ್ಮ ತರಗತಿಯ ಮಿತ್ರರೊಬ್ಬರು ವಾದಿಸಿದರು. ಅವರಿಗಾಗಿ ಲೆಕ್ಕ ಹಾಕಿದೆ.

ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ತೆಗೆದರೆ ಸುಮಾರು 900 ಗ್ರಾಂ ಇಂಗಾಲಾಮ್ಲ ಹೊರಡುತ್ತದೆ. 4,000 ಮೆಗಾವಾಟಿನ ಸ್ಥಾವರ ಮುಕ್ಕಾಲು ಸಾಮರ್ಥ್ಯದಲ್ಲಿ ನಡೆದರೂ ವರ್ಷಕ್ಕೆ ಸುಮಾರು 2 ಕೋಟಿ 40 ಲಕ್ಷ ಟನ್ನು. ಸ್ಲೈಪ್ನರಿನಲ್ಲಿ ಕಾಲು ಶತಮಾನದಲ್ಲಿ ಹೂತದ್ದು ಸುಮಾರು 2 ಕೋಟಿ ಟನ್ನು. ಎಂದರೆ ನಾರ್ವೆಯವರ ಇಪ್ಪತ್ತೈದು ವರ್ಷಗಳ ಶ್ರಮವನ್ನು ತದಡಿಯ ಚಿಮಣಿ ಒಂದು ವರ್ಷವೂ ತುಂಬುವ ಮುನ್ನ ಅಳಿಸಿಹಾಕುತ್ತಿತ್ತು.

ಮಿತ್ರರು ಸೋಲೊಪ್ಪದೆ, "ಹಾಗಾದರೆ ಕಾಂಡ್ಲಾ ಗಿಡಗಳು ಹೀರುವುದಿಲ್ಲವೇ?" ಎಂದರು. ಪ್ರಶ್ನೆ ಒಳ್ಳೆಯದೇ. ಅಳಿವೆಯ ಕೆಸರಿನಲ್ಲಿ ಕಾಲಿಟ್ಟವರಿಗೆ ಆ ಕೊಳೆತ ಮೊಟ್ಟೆಯ ವಾಸನೆ ಗೊತ್ತು. ಕೆಸರಿನೊಳಗೆ ಆಮ್ಲಜನಕವಿಲ್ಲವೆಂಬುದರ ಗುರುತು ಅದು. ಕಾಂಡ್ಲಾದ ಎಲೆ, ಬೇರುಗಳು ಅದರಲ್ಲಿ ಹೂತುಹೋದರೆ ಕಾಡಿನ ತರಗೆಲೆಯಂತೆ ಬೇಗ ಕೊಳೆತು ಗಾಳಿಗೆ ಸೇರುವುದಿಲ್ಲ. ದಿನಕ್ಕೆರಡು ಸಲ ಭರತ ತಂದ ಹೂಳು ಮೇಲೆ ಕುಳಿತು ಶತಮಾನಗಟ್ಟಲೆ ಕಾಪಾಡುತ್ತದೆ. ಲೋಕದ ಕಾಂಡ್ಲಾ ವನಗಳ ಸರಾಸರಿಯಂತೆ ಹೆಕ್ಟೇರಿಗೆ ವರ್ಷಕ್ಕೆ 6-8 ಟನ್ನು ಇಂಗಾಲಾಮ್ಲ ಹೀಗೆ ಕೆಸರು ಸೇರುತ್ತದೆ. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯ ವಿಸ್ತಾರ 4,801 ಹೆಕ್ಟೇರು. ನೀರು, ಗಜನಿ ಎಲ್ಲವನ್ನೂ ಕಾಂಡ್ಲಾ ಎಂದೇ ಎಣಿಸಿದರೂ ವರ್ಷಕ್ಕೆ 33-34 ಸಾವಿರ ಟನ್ನು. ಆ ಸ್ಥಾವರದ ಅರ್ಧ ದಿನದ ಹೊಗೆ!

ಈ ಅಂಕಿಯನ್ನು ಮೂರು ಸಲ ತಾಳೆ ನೋಡಿದೆ, ನಂಬಲಾಗಲಿಲ್ಲ. ಊರಿನ ಅಭಿಮಾನಕ್ಕೆ ಸ್ವಲ್ಪ ಪೆಟ್ಟೂ ಬಿತ್ತೆನ್ನಿ. ಆದರೆ ಕೆಸರಿನ ಬೆಲೆ ವರ್ಷದ ಸೇರ್ಪಡೆಯಲ್ಲಿಲ್ಲ, ಕೂಡಿಟ್ಟ ಗಂಟಿನಲ್ಲಿದೆ. ಒಡ್ಡು ಹಾಕಿ ಒಣಗಿಸಿದರೆ, ಅಗೆದು ಮೇಲೆ ಹಾಕಿದರೆ, ಆಮ್ಲಜನಕ ತಾಗಿ ಹಳೆಯ ಗಂಟೇ ಕರಗತೊಡಗುತ್ತದೆ. ಕಗ್ಗ ಬತ್ತ ಬೆಳೆಯುತ್ತಿದ್ದ ಹಲವು ಗಜನಿಗಳು ಸಿಗಡಿ ಕೃಷಿಗೆ ತಿರುಗಿರುವ ಈ ದಿನಗಳಲ್ಲಿ ಇದನ್ನು ಅರ್ಥಶಾಸ್ತ್ರದವರು ಅಸಲು-ಬಡ್ಡಿಯ ಭಾಷೆಯಲ್ಲಿ ಯೋಚಿಸುವುದು ಒಳ್ಳೆಯದು.

ಹಾಗೆಂದು ಹೂಳುವ ವಿದ್ಯೆಯೇ ಬೇಡವೆಂದು ನನ್ನ ಅಭಿಪ್ರಾಯವಲ್ಲ. ವಿದ್ಯುತ್ತಿಗೆ ಬಿಸಿಲಿದೆ, ಗಾಳಿಯಿದೆ, ಶರಾವತಿಯಿದೆ. ಸಿಮೆಂಟಿಗೆ ಅಂಥ ಬದಲಿ ಸುಲಭವಿಲ್ಲ. ಸಿಮೆಂಟು ಕಾರ್ಖಾನೆಯೆಂದರೆ ದೊಡ್ಡ ಸುಣ್ಣದ ಭಟ್ಟಿಯೇ: ಉರುವಲು ಯಾವುದಾದರೂ ಆಗಲಿ, ಕಲ್ಲಿನೊಳಗಿನ 44 ಪಾಲು ಹೊರಡಲೇಬೇಕು. ಅದಕ್ಕೇ ನಾರ್ವೆಯ ಬ್ರೆವಿಕ್ ಎಂಬಲ್ಲಿ 2025ರಲ್ಲಿ ಸಿಮೆಂಟು ಕಾರ್ಖಾನೆಯೊಂದಕ್ಕೆ, ವರ್ಷಕ್ಕೆ 4 ಲಕ್ಷ ಟನ್ನು ಹಿಡಿಯುವ ಯಂತ್ರವನ್ನು ಜೋಡಿಸಿದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಈ ವಿದ್ಯೆಗೆಂದೇ ಒಂದು ರಾಷ್ಟ್ರೀಯ ಕೇಂದ್ರವನ್ನು 2022ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿತು.

ನಮ್ಮ ನಾಡಿನ ಸಿಮೆಂಟು ಕಾರ್ಖಾನೆಗಳು ಹೆಚ್ಚಾಗಿರುವುದು ಕಲಬುರಗಿ ಜಿಲ್ಲೆಯ ವಾಡಿಯ ಕಡೆ. ಅಲ್ಲಿಂದ ಉತ್ತರಕ್ಕೆ ದಖ್ಖನಿನ ಬಸಾಲ್ಟ್ ಹಾಸು ಆರಂಭವಾಗುತ್ತದೆ, ಐಸ್ಲೆಂಡಿನದರ ಬಂಧುವೇ. ಆದರೆ ಅಂಚಿನಲ್ಲಿ ಹಾಸು ತೆಳು; ಮೇಲಾಗಿ ಒಂದು ಟನ್ನು ವಾಯುವನ್ನು ಐಸ್ಲೆಂಡಿನವರಂತೆ ಕರಗಿಸಲು ಸುಮಾರು 25 ಟನ್ನು ನೀರು ಬೇಕು. ಕಲಬುರಗಿಯ ಬೇಸಗೆ ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಸಮುದ್ರದ ನೀರಿನಿಂದ ಆದೀತೇ ಎಂದೂ ಐಸ್ಲೆಂಡಿನವರು ಪ್ರಯೋಗ ಕೈಗೊಂಡಿದ್ದಾರೆ. ಇದನ್ನು ಹೇಳಿದಾಗ ಅಜ್ಜ ಪಡುವಣದ ಕಡೆ ಕೈ ತೋರಿಸಿದರು: "ನೀರು ನಮ್ಮಲ್ಲಿ, ಕಲ್ಲು ಅವರಲ್ಲಿ. ನಡುವೆ ಘಟ್ಟ!"