ಧಾವನಪಥಭ್ರಾಂತಿಯೂ ತನ್ನಿವಾರಣೋಪಾಯಗಳೂ

ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ, ಕಾರವಾರದ ನೌಕಾನೆಲೆಗೆ ಸಂಬಂಧಪಟ್ಟ ವಿಮಾನನಿಲ್ದಾಣವೊಂದು ಯೋಜಿತವಾಗಿದ್ದು, ಅದರಲ್ಲಿ ನಾಗರಿಕ ವಿಮಾನಗಳಿಗೂ ಅವಕಾಶ ಕಲ್ಪಿಸುವ ಸಂಕಲ್ಪವಿರುವುದು. ಆದುದರಿಂದ ವಿಮಾನವು ನಿಯತವಾದ ಧಾವನಪಥವನ್ನು, ಎಂದರೆ ರನ್‌ವೇಯನ್ನು, ಬಿಟ್ಟು ಅನ್ಯಪಥದಿಂದ ಮೇಲೇರಲು ತೊಡಗುವ ಪ್ರಮಾದವನ್ನು ವಿಚಾರಿಸುವುದು ಈ ಪ್ರಾಂತದವರಿಗೆ ಅಪ್ರಸ್ತುತವಾಗಲಾರದು.

ಮೊದಲು ಸಂಜ್ಞಾವಿಚಾರ. ಧಾವನಪಥಕ್ಕೆ ಇಡುವ ಅಂಕವು ಯಾದೃಚ್ಛಿಕವಲ್ಲ. ಕಾಂತಸೂಚಿಯ ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸಿದ ಅಂಶಗಳನ್ನು ಹತ್ತರಿಂದ ಭಾಗಿಸಿ ಸಮೀಪದ ಪೂರ್ಣಾಂಕವನ್ನು ಗ್ರಹಿಸುವರು. ಪೂರ್ವಾಭಿಮುಖವಾದರೆ 09, ಅದೇ ಪಥವು ಪಶ್ಚಿಮಾಭಿಮುಖವಾದರೆ 27. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಸಮಾಂತರವಾದ ಎರಡು ಪಥಗಳಿರುವುದರಿಂದ ಅಂಕಕ್ಕೆ ಎಡ, ಬಲ ಎಂಬ ವಿಶೇಷಣಗಳೂ ಸೇರುತ್ತವೆ. ಮಂಗಳೂರಿನ ಬಜ್ಪೆಯಲ್ಲಿ 09/27 ಎಂಬ ಹಳೆಯ ಪಥವು ಸುಮಾರು 1,600 ಮೀಟರು ಉದ್ದವಾದದ್ದು. 2006ರಲ್ಲಿ ಬಳಕೆಗೆ ಬಂದ 06/24 ಎಂಬುದು 2,450 ಮೀಟರು. ಈ ಹ್ರಸ್ವದೀರ್ಘಭೇದವನ್ನು ಮರೆತರೆ ಆಗುವ ಅನರ್ಥಕ್ಕೆ ನಿದರ್ಶನವೊಂದುಂಟು.

2006ನೆಯ ಇಸವಿ ಆಗಸ್ಟ್ 27ರಂದು ಅಮೆರಿಕದ ಲೆಕ್ಸಿಂಗ್ಟನ್ ನಗರದಲ್ಲಿ, ಸೂರ್ಯೋದಯಕ್ಕೆ ಮುಂಚೆ, ಕೋಮೇರ್ ಸಂಸ್ಥೆಯ ವಿಮಾನಕ್ಕೆ 22ನೆಯ ಪಥದಿಂದ ಹೊರಡಲು ಅನುಜ್ಞೆಯಾಗಿತ್ತು. ವೈಮಾನಿಕರಾದರೋ ದಾರಿಯಲ್ಲಿ ಮೊದಲು ಸಿಕ್ಕಿದ, ಅದರ ಅರ್ಧದಷ್ಟೇ ಉದ್ದವುಳ್ಳ, 26ನೆಯ ಪಥವನ್ನು ಹೊಕ್ಕರು. ದಿಕ್ಸೂಚಿಯು ಸುಮಾರು 40 ಅಂಶಗಳ ಅಂತರವನ್ನು ತೋರಿಸುತ್ತಿತ್ತು. ದೀಪಗಳಿಲ್ಲದಿರುವುದು ವಿಚಿತ್ರವೆಂದು ಆಡಿಕೊಂಡರೂ ವಿಮಾನವನ್ನು ನಿಲ್ಲಿಸಲಿಲ್ಲ. 50 ಮಂದಿಯಲ್ಲಿ 49 ಮಂದಿ ಮೃತರಾದರು.

ನೈಯಾಯಿಕರ ಪರಿಭಾಷೆಯಲ್ಲಿ ಇದು ಶುಕ್ತಿರಜತಭ್ರಮೆಯ ಜಾತಿಯದು. ಮಂದಪ್ರಕಾಶ, ಸಾದೃಶ್ಯ, ಪೂರ್ವಸಂಸ್ಕಾರ ಇವು ಮೂರೂ ಕೂಡಿದಾಗ ಚಿಪ್ಪು ಬೆಳ್ಳಿಯಾಗಿ ತೋರುವುದು. ಇಂತಹ ಭ್ರಮೆಯು ಎಚ್ಚರಿಕೆಯ ಉಪದೇಶಮಾತ್ರದಿಂದ ತೊಲಗದು. ವಿಶೇಷದರ್ಶನದಿಂದಲೇ, ಎಂದರೆ ಭೇದಕವಾದ ಲಕ್ಷಣವನ್ನು ಕಾಣುವುದರಿಂದಲೇ, ತೊಲಗುವುದು. ಇಂದಿನ ಉಪಾಯಗಳೆಲ್ಲವೂ ಈ ತತ್ತ್ವವನ್ನೇ ಅನುಸರಿಸಿವೆ. ಯಂತ್ರವೇಗವನ್ನು ಹೆಚ್ಚಿಸುವ ಮೊದಲು ಇಬ್ಬರು ವೈಮಾನಿಕರೂ ನೆಲದ ಮೇಲೆ ಬರೆದ ಅಂಕವನ್ನು ದಿಕ್ಸೂಚಿಯೊಡನೆ ತಾಳೆನೋಡತಕ್ಕದ್ದು. ಪಥದ ಪ್ರವೇಶದಲ್ಲಿ ಅಡ್ಡಲಾಗಿ ಕೆಂಪು ದೀಪಗಳ ಸಾಲನ್ನಿಟ್ಟು, ಅನುಜ್ಞೆಯಾದ ಬಳಿಕವೇ ಅವನ್ನು ಆರಿಸುವರು. ವಿಮಾನವು ಪಥವನ್ನು ಸಮೀಪಿಸಿದಾಗ ಅದರ ಹೆಸರನ್ನು ಉಚ್ಚರಿಸುವ ಯಂತ್ರವೂ ಉಂಟು. ನಡುವಣ ಪಥಗಳನ್ನೆಲ್ಲ ದಾಟುವವರೆಗೆ ಹೊರಡುವ ಅನುಜ್ಞೆಯನ್ನು ಕೊಡಕೂಡದೆಂದು ಅಮೆರಿಕದಲ್ಲಿ ನಿಯಮವಾಗಿದೆ.

ಎಲ್ಲಕ್ಕೂ ಮಿಗಿಲಾದುದು ರಚನೆ. ಎರಡು ಪಥಗಳ ಆರಂಭಸ್ಥಾನಗಳು ಒಂದೆಡೆ ಸೇರದಂತೆ ನಕ್ಷೆಯಲ್ಲಿಯೇ ನೋಡಿಕೊಂಡರೆ ಭ್ರಮೆಗೆ ಆಸ್ಪದವೇ ಕಡಮೆಯಾಗುವುದು. ಹೊಸ ನಿಲ್ದಾಣಗಳನ್ನು ಕಟ್ಟುವವರು ಇದನ್ನು ಮೊದಲೇ ಗಮನಿಸಬೇಕಾದುದು ಯುಕ್ತ.